ಅಸ್ತ್ರದಿಂದ ಕ್ಷಿಪಣಿಗೆ: ಹೆಸರು, ಪರೀಕ್ಷೆ ಮತ್ತು ಉಪಸಂಹಾರ

೧

ಹೈದರಾಬಾದಿನ ಪೂರ್ವ ದಿಕ್ಕಿನ ಬಡಾವಣೆಯಾದ ಉಪ್ಪಲಿನಿಂದ ನಾಗೋಲು, ಎಲ್.ಬಿ. ನಗರಗಳನ್ನು ಹಾದು ಮುಂದುವರಿದರೆ ಕಂಚನಬಾಗ್ ಸಿಗುತ್ತದೆ. ಭಾರತದ ಸ್ವದೇಶಿ ಕ್ಷಿಪಣಿಗಳ ಇತಿಹಾಸದ ಬಹುಭಾಗ ನಡೆದುದು ಇಲ್ಲಿ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಪ್ರಯೋಗಾಲಯ, ಅಂದರೆ ಡಿಆರ್‌ಡಿಎಲ್, ದೆಹಲಿಯಿಂದ ಹೈದರಾಬಾದಿಗೆ ಬಂದದ್ದು ೧೯೬೨ರಲ್ಲಿ. ಕ್ಷಿಪಣಿಗಳನ್ನು ತಯಾರಿಸುವ ಭಾರತ್ ಡೈನಮಿಕ್ಸ್ ಸ್ಥಾಪನೆಯಾದದ್ದು ೧೯೭೦ರಲ್ಲಿ. ಇವುಗಳಲ್ಲಿ ದುಡಿಯುವವರಲ್ಲಿ ಅನೇಕರು ಉಪ್ಪಲ್ ಮತ್ತು ಅದರ ಸುತ್ತಲಿನ ಬಡಾವಣೆಗಳಲ್ಲಿ ನೆಲಸಿದ್ದಾರೆ. ಅವರಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ.

ಕೆಲವು ವರ್ಷಗಳ ಹಿಂದೆ ಕುಮಾರವ್ಯಾಸನ ಕರ್ಣಪರ್ವದಲ್ಲಿ ಬರುವ ಸರ್ಪಾಸ್ತ್ರದ ಪ್ರಸಂಗವನ್ನು ಪಾಠ ಹೇಳುತ್ತಿದ್ದಾಗ ಉಪ್ಪಲಿನಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಎದ್ದುನಿಂತು, "ಸರ್, ನಾಗ ಕ್ಷಿಪಣಿಯೂ ಈ ನಾಗಾಸ್ತ್ರವೂ ಒಂದೇ ಅಲ್ಲವೇ? ನಮ್ಮವರಿಗೆ ಇದೆಲ್ಲ ಮೊದಲೇ ಗೊತ್ತಿತ್ತಲ್ಲವೇ?" ಎಂದು ಕೇಳಿದ. ಅವನ ತಂದೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಆ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ. ಕ್ಷಿಪಣಿಯ ತಾಂತ್ರಿಕ ವಿವರಗಳನ್ನು ತಜ್ಞರು ಬಲ್ಲರು. ಆ ಯಂತ್ರದ ಬಗೆಗೆ ನಾವು ಆಡುವ ಮಾತು ಅದರ ಸ್ವರೂಪವನ್ನು ಎಷ್ಟು ತೋರಿಸುತ್ತದೆ, ಎಷ್ಟು ಮರೆಮಾಡುತ್ತದೆ ಎಂಬುದು ಭಾಷೆಯನ್ನು ಕಲಿಸುವವರು ಕೇಳಬೇಕಾದ ಪ್ರಶ್ನೆ.

೨

ಮೊದಲು ಹೆಸರುಗಳನ್ನು ಗಮನಿಸೋಣ. ೧೯೭೦ರ ದಶಕದಲ್ಲಿ ಇದೇ ಪ್ರಯೋಗಾಲಯ ಸೋವಿಯತ್ ಕ್ಷಿಪಣಿಯೊಂದನ್ನು ಬಿಚ್ಚಿನೋಡಿ ಅದರಂತೆಯೇ ಇನ್ನೊಂದನ್ನು ಮಾಡಲು ಹೊರಟಿತ್ತು. ಆ ಯೋಜನೆಯ ಹೆಸರು 'ಡೆವಿಲ್'. ಅದು ಪೂರ್ಣಗೊಳ್ಳದೆ ನಿಂತಿತು. ಆದರೆ ಅದರಿಂದ ದೊರೆತ ತಿಳಿವಳಿಕೆ ಮುಂದೆ 'ಪೃಥ್ವಿ'ಗೆ ಉಪಯೋಗವಾಯಿತು. ತುಮಕೂರು ಸೀಮೆಯಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣ ಅವರ ಒತ್ತಾಸೆಯಿಂದ ೧೯೮೨ರಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಡಿಆರ್‌ಡಿಎಲ್‌ನ ನಿರ್ದೇಶಕರಾಗಿ ಬಂದರು. ಕ್ಷಿಪಣಿಗಳನ್ನು ಒಂದಾದ ಮೇಲೊಂದರಂತೆ ರೂಪಿಸುವ ಪ್ರಸ್ತಾವವನ್ನು ಅವರು ಮುಂದಿಟ್ಟಾಗ, ಎಲ್ಲವನ್ನೂ ಒಟ್ಟಿಗೇ ಕೈಗೆತ್ತಿಕೊಳ್ಳಬೇಕೆಂದು ಸೂಚಿಸಿದವರು ಅಂದಿನ ರಕ್ಷಣಾ ಸಚಿವ ಆರ್. ವೆಂಕಟರಾಮನ್. ಹೀಗೆ ೧೯೮೩ರ ಜುಲೈ ತಿಂಗಳಲ್ಲಿ ೩೮೮ ಕೋಟಿ ರೂಪಾಯಿಗಳ ಸಮಗ್ರ ಕ್ಷಿಪಣಿ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ನೆಲದಿಂದ ನೆಲಕ್ಕೆ ಹಾರುವುದು ಪೃಥ್ವಿ. ವಿಮಾನಗಳನ್ನು ಹೊಡೆಯುವುವು ತ್ರಿಶೂಲ ಮತ್ತು ಆಕಾಶ. ಟ್ಯಾಂಕನ್ನು ಭೇದಿಸುವುದು ನಾಗ. ವಾತಾವರಣದಿಂದಾಚೆ ಹೋಗಿ ಮತ್ತೆ ಒಳಬರುವ ತಂತ್ರವನ್ನು ಪ್ರಯೋಗಿಸಿ ನೋಡಲು ಅಗ್ನಿ.

ಈ ಐದರಲ್ಲಿ ಮೂರು ಪಂಚಭೂತಗಳ ಹೆಸರುಗಳು. ತ್ರಿಶೂಲ ಶಿವನ ಆಯುಧ. ಕನ್ನಡ, ತೆಲುಗು, ಹಿಂದಿ ಎಂಬ ಭೇದವಿಲ್ಲದೆ ಎಲ್ಲರ ನಾಲಿಗೆಯಲ್ಲೂ ಹೊರಳುವ ಪದಗಳಿವು. ಬಹುಭಾಷಿಕ ದೇಶದಲ್ಲಿ ಇದು ಸಣ್ಣ ಲಾಭವಲ್ಲ. ಆದರೆ ಹೆಸರು ಇಟ್ಟವರ ಹಿಡಿತದಲ್ಲಿಯೇ ಉಳಿಯುವುದಿಲ್ಲ. ಪೃಥ್ವಿ ಎಂದರೆ ಭೂಮಿ. ೧೯೯೮ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ತಾನು ಹಾರಿಸಿದ ಕ್ಷಿಪಣಿಗೆ ಘೋರಿಯ ಹೆಸರನ್ನಿಟ್ಟಾಗ ಅನೇಕರು ಅದನ್ನು ಪೃಥ್ವೀರಾಜ ಚೌಹಾಣನಿಗೆ ಕೊಟ್ಟ ಉತ್ತರವೆಂದೇ ಓದಿದರು. ಭೂತತತ್ತ್ವದ ಹೆಸರೊಂದು ಹನ್ನೆರಡನೆಯ ಶತಮಾನದ ಯುದ್ಧವನ್ನು ಎಬ್ಬಿಸಿತು. ಅದೇ ರೀತಿ 'ಬ್ರಹ್ಮೋಸ್' ಎಂಬುದನ್ನು ಬ್ರಹ್ಮಾಸ್ತ್ರವೆಂದು ಬಗೆಯುವವರು ಬಹಳ ಮಂದಿ. ವಾಸ್ತವವಾಗಿ ಅದು ಬ್ರಹ್ಮಪುತ್ರ ಮತ್ತು ಮಾಸ್ಕ್ವಾ ಎಂಬ ಎರಡು ನದಿಗಳ ಹೆಸರುಗಳನ್ನು ಕೂಡಿಸಿ ಮಾಡಿದ ಪದ.

೩

ಇನ್ನು 'ಕ್ಷಿಪಣಿ' ಎಂಬ ಪದ. ಎಸೆ ಎಂಬ ಅರ್ಥದ ಸಂಸ್ಕೃತ ಧಾತು 'ಕ್ಷಿಪ್' ಇದರ ಮೂಲ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಇದೇ ಪದ ನೆಲೆನಿಂತಿದೆ. ಹಿಂದಿಯವರು ಪ್ರಕ್ಷೇಪಾಸ್ತ್ರ ಎಂದು ಅಸ್ತ್ರವನ್ನು ಉಳಿಸಿಕೊಂಡರು, ನಾವು ಬಿಟ್ಟೆವು. ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ಎಸೆಯುವುದು ಅಸ್ತ್ರ ಎಂಬ ಭೇದ ನಮ್ಮ ಪರಂಪರೆಯಲ್ಲಿದೆ. ಆದರೆ ಕಾವ್ಯದಲ್ಲಿ ಅಸ್ತ್ರವೆಂದರೆ ಕೇವಲ ಎಸೆಯುವ ವಸ್ತುವಲ್ಲ. ಅದಕ್ಕೊಂದು ಅಧಿದೇವತೆ, ಒಂದು ಮಂತ್ರ, ಒಬ್ಬ ಗುರು ಇರಬೇಕು. ಪಂಪಭಾರತದ ಅರ್ಜುನ ಪಾಶುಪತವನ್ನು ಪಡೆಯುವುದು ತಪಸ್ಸಿನಿಂದ, ಶಿವನೊಡನೆ ಹೋರಾಡಿ ತನ್ನ ಯೋಗ್ಯತೆಯನ್ನು ತೋರಿಸಿಕೊಂಡ ಮೇಲೆ. ಅಲ್ಲಿ ಪರೀಕ್ಷೆಗೆ ಒಳಗಾಗುವವನು ವೀರನೇ ಹೊರತು ಆಯುಧವಲ್ಲ.

ಮದ್ದಿನ ಆಯುಧವು ಈ ಸಂಬಂಧವನ್ನು ತಲೆಕೆಳಗು ಮಾಡಿತು. ಜಾತ್ರೆಯ ಬಾಣಬಿರುಸನ್ನು ನೆನೆದರೆ ಬಾಣ ಎಂಬ ಪದ ಬಿಲ್ಲನ್ನು ಬಿಟ್ಟು ಮದ್ದಿನ ಕೊಳವೆಗೆ ಬಂದ ದಾರಿ ಕಾಣುತ್ತದೆ. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದ ರಾಕೆಟ್ಟುಗಳಿಗೂ 'ಬಾನ್' ಎಂಬ ಹೆಸರಿತ್ತು. ಯುರೋಪಿನ ರಾಕೆಟ್ಟುಗಳಿಗೆ ಆಗ ಕಾಗದದ ಕೊಳವೆ. ಮೈಸೂರಿನವರು ಬಳಸಿದ್ದು ಕಬ್ಬಿಣದ ಕೊಳವೆ. ಕಬ್ಬಿಣವು ಒಳಗಿನ ಒತ್ತಡವನ್ನು ಹೆಚ್ಚು ತಾಳುವುದರಿಂದ ಮದ್ದನ್ನು ಬಿಗಿಯಾಗಿ ತುಂಬಬಹುದು. ಆದ್ದರಿಂದ ಅದು ದೂರ ಹಾರುತ್ತದೆ. ೧೭೮೦ರ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಬೇಲಿಯ ಸೈನ್ಯ ಸೋತಾಗ ಅದರ ಮದ್ದಿನ ಬಂಡಿಗಳು ಸ್ಫೋಟಿಸಿದವು. ರಾಕೆಟ್ಟುಗಳಿಂದಲೇ ಹಾಗಾಯಿತೆಂಬ ಪ್ರತೀತಿಯಿದೆ. ಶ್ರೀರಂಗಪಟ್ಟಣದ ಪತನಾನಂತರ ಇಂಗ್ಲೆಂಡಿಗೆ ಹೋದ ಮೈಸೂರು ರಾಕೆಟ್ಟುಗಳು ಅಲ್ಲಿ ಕಾಂಗ್ರೀವನ ಪ್ರಯೋಗಗಳಿಗೆ ಪ್ರೇರಣೆಯಾದವು. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಬತ್ತಿದ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಹೊರಬಂದವು.

ಈ ರಾಕೆಟ್ಟುಗಳನ್ನು ಕುರಿತು ೧೯೮೫ರಲ್ಲಿ ಗಂಭೀರ ಅಧ್ಯಯನ ಮಾಡಿದವರು ರೊದ್ದಂ ನರಸಿಂಹ. ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಹಿರಿಯರು. ಪೂರ್ವಿಕರ ಸಾಧನೆಯನ್ನು ಹೇಗೆ ಗೌರವಿಸಬೇಕೆಂಬುದಕ್ಕೆ ಆ ಅಧ್ಯಯನ ಮಾದರಿಯಾಗಿದೆ. ಅದು ಕೊಳವೆಯ ಲೋಹ, ಅಳತೆ, ಹಾರಿದ ದೂರಗಳನ್ನು ಕೇಳುತ್ತದೆ, ಮಂತ್ರವನ್ನು ಕೇಳುವುದಿಲ್ಲ. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿಯೇ ಇದೆ. ನಮ್ಮವರಿಗೆ ಗೊತ್ತಿದ್ದುದು ನಿಜ. ಆದರೆ ಆ ತಿಳಿವಳಿಕೆಯ ಗುರುತು ನಾಗಾಸ್ತ್ರದಲ್ಲಿಲ್ಲ, ಬಿದನೂರಿನ ಬಾವಿಯಲ್ಲಿದೆ. ಹೆಸರು ಉಳಿಯದ ಕಮ್ಮಾರರ ಕೈಕೆಲಸ ಅದು.

೪

ಎರಡನೆಯ ಭಾಗ 'ಪರೀಕ್ಷೆ' ಎಂಬ ಪದದಲ್ಲಿದೆ. ತೆಲುಗಿನಲ್ಲಿ ಉಡಾವಣೆಗೂ ಪ್ರಯೋಗವೆಂಬ ಪದವೇ ಸಲ್ಲುತ್ತದೆ. ಕನ್ನಡ ಪತ್ರಿಕೆಗಳು 'ಪರೀಕ್ಷಾರ್ಥ ಉಡಾವಣೆ' ಎಂದು ಬರೆಯುತ್ತವೆ. ಪರಿ ಎಂದರೆ ಸುತ್ತ, ಈಕ್ಷಿಸುವುದೆಂದರೆ ನೋಡುವುದು. ಸುತ್ತಲಿಂದ ನೋಡುವುದೇ ಪರೀಕ್ಷೆ. ಒಡಿಶಾದ ಚಾಂದೀಪುರದಲ್ಲಿ ನಡೆಯುವುದು ಅಕ್ಷರಶಃ ಇದೇ. ಕ್ಷಿಪಣಿ ಹಾರುವಾಗ ರಾಡಾರುಗಳು, ಕ್ಯಾಮರಾಗಳು, ಸಮುದ್ರದ ಮೇಲಿನ ಹಡಗುಗಳು ಅದನ್ನು ನಾನಾ ಕಡೆಗಳಿಂದ ನೋಡುತ್ತಿರುತ್ತವೆ. ಅದರೊಳಗಿನ ಉಪಕರಣಗಳು ಒತ್ತಡ, ಉಷ್ಣ, ಕಂಪನಗಳ ಲೆಕ್ಕವನ್ನು ಕ್ಷಣಕ್ಷಣವೂ ನೆಲಕ್ಕೆ ಕಳುಹಿಸುತ್ತವೆ. ಗುರಿಮುಟ್ಟದ ಹಾರಾಟವೂ ಈ ಅರ್ಥದಲ್ಲಿ ವ್ಯರ್ಥವಲ್ಲ.

ಅಗ್ನಿಯ ಕಥೆ ಇದಕ್ಕೆ ನಿದರ್ಶನ. ೧೯೮೯ರ ಏಪ್ರಿಲ್ ೨೦ರಂದು ಎಣಿಕೆ ಮುಗಿಯಲು ಹದಿನಾಲ್ಕು ಸೆಕೆಂಡುಗಳಿದ್ದಾಗ ಕಂಪ್ಯೂಟರು ತಡೆಹಿಡಿಯಿತು. ಮೇ ೧ರಂದು ಮತ್ತೊಮ್ಮೆ ಕೊನೆಯ ಗಳಿಗೆಯಲ್ಲಿ ದೋಷ ಕಂಡಿತು. ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರಗಳು ಬಂದವು. ಕಲಾಂ ಅವುಗಳನ್ನು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮೇ ೨೨ರಂದು ಅಗ್ನಿ ಹಾರಿತು. ಉಪಗ್ರಹ ವಾಹನದ ಘನ ಇಂಧನದ ಹಂತ ಕೆಳಗೆ, ಪೃಥ್ವಿಯ ದ್ರವ ಇಂಧನದ ಹಂತ ಮೇಲೆ. ವಾತಾವರಣಕ್ಕೆ ಮರಳಿ ಬರುವಾಗಿನ ಸಾವಿರಾರು ಡಿಗ್ರಿಗಳ ತಾಪವನ್ನು ತಾಳಿದ್ದು ಇಂಗಾಲದ ಎಳೆಗಳಿಂದ ನೇಯ್ದ ಕವಚ. ೧೯೯೨ರ ಎರಡನೆಯ ಹಾರಾಟ ವಿಫಲವಾಯಿತು. ೧೯೯೪ರ ಮೂರನೆಯದು ಫಲಿಸಿತು. ಅಗ್ನಿ-೩ ಕೂಡ ೨೦೦೬ರಲ್ಲಿ ಮೊದಲ ಬಾರಿಗೆ ಬಿದ್ದು ೨೦೦೭ರಲ್ಲಿ ಎದ್ದಿತು. ಐದು ಸಾವಿರ ಕಿ.ಮೀ. ದೂರದ ಅಗ್ನಿ-೫ರ ಮೊದಲ ಹಾರಾಟ ನಡೆದದ್ದು ೨೦೧೨ರಲ್ಲಿ.

ವಿದ್ಯಾರ್ಥಿ ಕೇಳಿದ ನಾಗ ಇನ್ನೂ ನಿಧಾನ. ಹೊರಡುವ ಮೊದಲೇ ಗುರಿಯ ಉಷ್ಣಚಿತ್ರವನ್ನು ಹಿಡಿದುಕೊಂಡು, ಹೊರಟ ಮೇಲೆ ತಾನಾಗಿಯೇ ಅದನ್ನು ಅನುಸರಿಸಿ, ಟ್ಯಾಂಕಿನ ಕವಚ ತೆಳುವಾಗಿರುವ ಮೇಲ್ಭಾಗಕ್ಕೆ ಎರಗುವ ಯಂತ್ರ ಅದು. ರಾಜಸ್ಥಾನದ ಬೇಸಗೆಯಲ್ಲಿ ಮರಳೂ ಟ್ಯಾಂಕೂ ಒಂದೇ ಸಮನೆ ಕಾಯುವುದರಿಂದ ಅದರ ಕಣ್ಣು ಮಂಜಾಗುತ್ತಿತ್ತು. ಆ ಕಣ್ಣನ್ನು ತಿದ್ದಿ ತೀಡಿ, ಪೋಖರಣ್‌ನಲ್ಲಿ ಕೊನೆಯ ಪರೀಕ್ಷೆ ಮುಗಿದದ್ದು ೨೦೨೦ರ ಅಕ್ಟೋಬರ್‌ನಲ್ಲಿ. ಕಾರ್ಯಕ್ರಮ ಆರಂಭವಾಗಿ ಮೂವತ್ತೇಳು ವರ್ಷಗಳಾದ ಮೇಲೆ. ತ್ರಿಶೂಲವಂತೂ ಸೈನ್ಯವನ್ನು ಸೇರಲೇ ಇಲ್ಲ. ಬೆಂಗಳೂರಿನ ಪ್ರಹ್ಲಾದ ರಾಮರಾವ್ ಅವರು ಮುನ್ನಡೆಸಿದ, ಬೆಂಗಳೂರಿನಲ್ಲಿಯೇ ರೂಪುಗೊಂಡ ರಾಡಾರನ್ನು ಕಣ್ಣಾಗಿ ಪಡೆದ ಆಕಾಶ, ೨೦೧೫ರಲ್ಲಿ ಭೂಸೇನೆಯನ್ನು ಸೇರಿತು. ೨೦೨೫ರ ಮೇ ತಿಂಗಳ ಸಂಘರ್ಷದಲ್ಲಿ ಬಳಕೆಯಾಯಿತು.

ಪರೀಕ್ಷೆಗೆ ನೆಲವೂ ಬೇಕು. ಒಡಿಶಾದ ಬಲಿಯಾಪಾಲದ ಫಲವತ್ತಾದ ನೆಲದಲ್ಲಿ ರಾಷ್ಟ್ರೀಯ ಪರೀಕ್ಷಾ ಕ್ಷೇತ್ರವನ್ನು ಸ್ಥಾಪಿಸಲು ಹೊರಟಾಗ ಅಲ್ಲಿನ ರೈತರು ೧೯೮೦ರ ದಶಕದ ನಡುವಿನಿಂದ ದೀರ್ಘಕಾಲ ಹೋರಾಡಿ ತಮ್ಮ ಊರುಗಳನ್ನು ಉಳಿಸಿಕೊಂಡರು. ವೀಳ್ಯದೆಲೆಯ ಆ ತೋಟಗಳನ್ನು ಮರೆತು ಬರೆದ ಕ್ಷಿಪಣಿಯ ಇತಿಹಾಸ ಅಪೂರ್ಣವಾಗುತ್ತದೆ.

೫

ಇಷ್ಟು ಹೇಳಿದ ಮೇಲೆ ಕಾವ್ಯಕ್ಕೂ ಕ್ಷಿಪಣಿಗೂ ಸಂಬಂಧವೇ ಇಲ್ಲವೆಂದು ಭಾವಿಸಬೇಕಾಗಿಲ್ಲ. ಸಂಬಂಧವಿದೆ; ಅದು ತಂತ್ರಜ್ಞಾನದ್ದಲ್ಲ, ವಿವೇಕದ್ದು. ಅಸ್ತ್ರವಿದ್ಯೆಗೆ ಎರಡು ಅಂಗಗಳು: ಪ್ರಯೋಗ ಮತ್ತು ಉಪಸಂಹಾರ. ಬಿಡುವುದನ್ನು ಬಲ್ಲವನು ಹಿಂದಕ್ಕೆ ಕರೆಯುವುದನ್ನೂ ಬಲ್ಲವನಾಗಿರಬೇಕು. ಮಹಾಭಾರತದ ಸೌಪ್ತಿಕಪರ್ವದಲ್ಲಿ ಅರ್ಜುನ ತನ್ನ ಅಸ್ತ್ರವನ್ನು ಉಪಸಂಹರಿಸುತ್ತಾನೆ. ಅಶ್ವತ್ಥಾಮನಿಗೆ ಅದು ಸಾಧ್ಯವಾಗುವುದಿಲ್ಲ. ಅವನ ಅಸ್ತ್ರ ಉತ್ತರೆಯ ಗರ್ಭಕ್ಕೆ ತಿರುಗುತ್ತದೆ. ಅರ್ಧ ವಿದ್ಯೆಯ ಫಲವನ್ನು ಹುಟ್ಟದ ಶಿಶು ಉಣ್ಣಬೇಕಾಗುತ್ತದೆ. ಕುಮಾರವ್ಯಾಸನ ಕರ್ಣನ ಪ್ರಸಂಗ ಇನ್ನೊಂದು ಬಗೆಯದು. ಗುರಿಯನ್ನು ಬದಲಿಸೆಂದು ಶಲ್ಯ ಹೇಳಿದರೂ ಅವನು ಒಪ್ಪುವುದಿಲ್ಲ. ಕೃಷ್ಣ ರಥವನ್ನು ನೆಲಕ್ಕೆ ಒತ್ತಿದಾಗ ಅಸ್ತ್ರ ಕಿರೀಟವನ್ನಷ್ಟೇ ಒಯ್ಯುತ್ತದೆ. ಸರ್ಪವು ಮರಳಿ ಬಂದು ಮತ್ತೊಮ್ಮೆ ತೊಡೆಂದು ಬೇಡಿದರೂ ಕರ್ಣ ತೊಡುವುದಿಲ್ಲ. ಸೋಲು ಕಣ್ಣೆದುರಿಗಿದ್ದರೂ ಆಯುಧಕ್ಕೊಂದು ಮೇರೆಯುಂಟೆಂದು ಅವನು ನಂಬಿದ್ದಾನೆ.

ಪರೀಕ್ಷೆಯ ಕ್ಷಿಪಣಿಗೆ ಒಂದು ಬಗೆಯ ಉಪಸಂಹಾರವಿದೆ. ದಾರಿ ತಪ್ಪಿದರೆ ನೆಲದಿಂದ ಆಜ್ಞೆ ಕೊಟ್ಟು ಅದನ್ನು ನಡುವೆಯೇ ನಾಶಮಾಡಬಹುದು. ಬೆಂಗಳೂರಿನಲ್ಲಿ ರೂಪುಗೊಂಡ ನಿರ್ಭಯ ಕ್ಷಿಪಣಿಯ ಮೊದಲ ಹಾರಾಟ ೨೦೧೩ರ ಮಾರ್ಚ್‌ನಲ್ಲಿ ಹೀಗೆಯೇ ಕೊನೆಗೊಂಡಿತು. ಆದರೆ ೨೦೨೨ರ ಮಾರ್ಚ್ ೯ರಂದು ಬ್ರಹ್ಮೋಸ್ ಕ್ಷಿಪಣಿಯೊಂದು ಅಕಸ್ಮಾತ್ತಾಗಿ ಚಿಮ್ಮಿ ಪಾಕಿಸ್ತಾನದ ಮಿಯಾನ್ ಚನ್ನು ಎಂಬ ಊರಿನ ಬಳಿ ಬಿದ್ದಿತು. ಜೀವಹಾನಿಯಾಗಲಿಲ್ಲ. ಭಾರತ ವಿಷಾದ ವ್ಯಕ್ತಪಡಿಸಿತು; ಮೂವರು ಅಧಿಕಾರಿಗಳು ಕೆಲಸ ಕಳೆದುಕೊಂಡರು. ಅಣ್ವಸ್ತ್ರಗಳಿರುವ ಎರಡು ದೇಶಗಳ ನಡುವೆ ಆ ಕೆಲವು ನಿಮಿಷಗಳು ಏನಾಗಬಹುದಿತ್ತೆಂದು ಯೋಚಿಸಿದರೆ ಉಪಸಂಹಾರವೆಂಬ ಪದದ ಭಾರ ತಿಳಿಯುತ್ತದೆ. ೨೦೨೪ರ ಮಾರ್ಚ್ ೧೧ರಂದು ಹಲವು ಸಿಡಿತಲೆಗಳನ್ನು ಬೇರೆಬೇರೆ ಗುರಿಗಳಿಗೆ ಒಯ್ಯಬಲ್ಲ ಅಗ್ನಿ-೫ರ ಹಾರಾಟಕ್ಕೆ 'ದಿವ್ಯಾಸ್ತ್ರ' ಎಂದು ಹೆಸರಿಟ್ಟರು. ಹೆಸರು ಹಳೆಯದೇ. ಆ ಹೆಸರಿನ ಜೊತೆಗೆ ಅದರ ಇನ್ನರ್ಧವಾದ ಉಪಸಂಹಾರದ ಹೊಣೆಯನ್ನೂ ನಾವು ಪಡೆದುಕೊಂಡಿದ್ದೇವೆಯೇ? ಯಂತ್ರಕ್ಕೆ ಆ ವಿದ್ಯೆಯಿಲ್ಲ. ಅದು ಇರಬೇಕಾದದ್ದು ಯಂತ್ರವನ್ನು ಕಾಯುವವರಲ್ಲಿ, ಅವರಿಗೆ ಆಜ್ಞೆ ಕೊಡುವವರಲ್ಲಿ, ಆಜ್ಞೆ ಕೊಡುವವರನ್ನು ಆರಿಸುವ ನಮ್ಮಲ್ಲಿ.

ಒಂದು ಬಗೆಯ ಉಪಸಂಹಾರ ಹೈದರಾಬಾದಿನಲ್ಲಿಯೇ ನಡೆದಿದೆ. ಅಗ್ನಿಗಾಗಿ ರೂಪಿಸಿದ ಹಗುರವಾದ ವಸ್ತುವಿನಿಂದ ಪೋಲಿಯೊ ಪೀಡಿತ ಮಕ್ಕಳಿಗೆ ಕಾಲಿನ ಆಧಾರಪಟ್ಟಿಗಳನ್ನು ಮಾಡಿಕೊಟ್ಟರು. ಮೂರು ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿದ್ದುದು ೩೦೦ ಗ್ರಾಮಿಗೆ ಇಳಿಯಿತು. ತಮಗೆ ಅತ್ಯಂತ ಸಂತೋಷ ಕೊಟ್ಟ ಕೆಲಸಗಳಲ್ಲಿ ಇದೂ ಒಂದೆಂದು ಕಲಾಂ ಹಲವೆಡೆ ಹೇಳಿದ್ದಾರೆ.

ಆ ವಿದ್ಯಾರ್ಥಿ ಇಂದು ಮತ್ತೆ ಕೇಳಿದರೆ ನಾನು ಹೇಳುವುದಿಷ್ಟು: ನಾಗ ಹಾರಿದ್ದು ಮಂತ್ರದಿಂದಲ್ಲ, ನಿನ್ನ ತಂದೆಯಂಥವರು ಅರೆದು, ಅಳೆದು, ತಪ್ಪಿ, ತಿದ್ದಿದ್ದರಿಂದ. ಅದನ್ನು ತಿಳಿಯಲು ಅವರನ್ನು ಕೇಳು. ಹಾರಿಸಬೇಕೇ ಬೇಡವೇ ಎಂಬುದನ್ನು ತಿಳಿಯಬೇಕಾದಾಗ ಕರ್ಣಪರ್ವಕ್ಕೆ ಮರಳಿ ಬಾ.