ದೃಢೀಕರಣ: ಯಾರು ಯಾರನ್ನು ದೃಢಪಡಿಸುವುದು?

'ದೃಢೀಕರಣ' ಎಂದ ಕೂಡಲೆ ನಮ್ಮ ವಾಣಿಜ್ಯ ವಿಭಾಗದ ಗೆಳೆಯರಿಗೆ ನೆನಪಾಗುವುದು ಅಂಕಪಟ್ಟಿಯ ದೃಢೀಕೃತ ನಕಲು. ಅಧಿಕಾರಿ ಮೊಹರು ಹಾಕಿ ಸಹಿ ಮಾಡಿದರೆ ಮುಗಿಯಿತು, ನಕಲು ಅಸಲಿಗೆ ಸಮ. ಕ್ರೈಸ್ತರಲ್ಲಿ ಇದೇ ಹೆಸರಿನ ಒಂದು ಸಂಸ್ಕಾರವಿದೆ. ಅಲ್ಲಿ ಮೊಹರು ಬೀಳುವುದು ಹುಡುಗ ಹುಡುಗಿಯರ ಹಣೆಯ ಮೇಲೆ. ಅದರ ವಿಷಯವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಕೆಥೋಲಿಕರಲ್ಲಿ ಹಸುಗೂಸಿಗೇ ಜ್ಞಾನಸ್ನಾನ ಮಾಡಿಸುತ್ತಾರೆ. ಮಗುವಿಗೆ ಮಾತು ಬಾರದು. ಅದರ ಪರವಾಗಿ ತಂದೆತಾಯಿ ಮತ್ತು ಜ್ಞಾನತಂದೆ, ಜ್ಞಾನತಾಯಿ ಮಾತು ಕೊಡುತ್ತಾರೆ. ಮುಂದೆ ಮಗು ಬೆಳೆದಾಗ ಬಿಷಪರ ಎದುರು ನಿಂತು ಅದೇ ವಾಗ್ದಾನವನ್ನು ತನ್ನ ಬಾಯಿಂದ ತಾನೇ ಹೇಳಬೇಕು. ಬಿಷಪರು ಪರಿಮಳ ತೈಲದಿಂದ ಹಣೆಗೆ ಶಿಲುಬೆಯ ಗುರುತು ಹಾಕುತ್ತಾರೆ. ಈಗ ನಡೆಯುವ ವಿಧಿ 1971ರಲ್ಲಿ ಆರನೆಯ ಪೌಲ್ ಪೋಪರು ಪರಿಷ್ಕರಿಸಿದ್ದು.

ಪ್ರೊಟೆಸ್ಟಂಟರದು ಸ್ವಲ್ಪ ಬೇರೆ ದಾರಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಪಾದ್ರಿಗಳು ಜರ್ಮನ್-ಸ್ವಿಸ್ ಪದ್ಧತಿಯವರು. ಮೊದಲು ಪಾಠ, ಆಮೇಲೆ ಸಭೆಯ ಮುಂದೆ ವಿಶ್ವಾಸದ ಅರಿಕೆ, ಅದಾದ ಮೇಲೆ ಪ್ರಭುಭೋಜನ, ಇದು ಅವರ ಕ್ರಮ.

ನಮ್ಮ ಊರಲ್ಲೇ ಇನ್ನೊಂದು ವಿಚಿತ್ರ ನೋಡಿ. ಥಾಣೆ, ಡೊಂಬಿವಲಿ, ಕಲ್ಯಾಣಗಳ ಲ್ಯಾಟಿನ್ ಪದ್ಧತಿಯ ಇಗರ್ಜಿಗಳು ಮುಂಬಯಿ ಮಹಾಧರ್ಮಪ್ರಾಂತಕ್ಕೆ ಸೇರಿವೆ. ಅಲ್ಲಿ ಮಕ್ಕಳು ದೊಡ್ಡವರಾದ ಮೇಲೆ ದೃಢೀಕರಣ. ಕೇರಳದ ಸಿರೋ ಮಲಬಾರ್ ಪದ್ಧತಿಯವರಿಗಾಗಿ 1988ರಲ್ಲಿ ಕಲ್ಯಾಣ ಧರ್ಮಪ್ರಾಂತ ಸ್ಥಾಪನೆಯಾಯಿತು. ಅವರಲ್ಲಿ ಜ್ಞಾನಸ್ನಾನದ ಜೊತೆಗೇ ಕೂಸಿಗೂ ತೈಲಾಭಿಷೇಕ ಆಗಿಬಿಡುತ್ತದೆ. ಒಬ್ಬರೇ ಪೋಪರು, ಒಂದೇ ಊರು, ಎರಡು ಕ್ರಮ! ಹಾಗಾದರೆ ಮಗುವಿನ ಒಪ್ಪಿಗೆಗೆ ಬೆಲೆ ಇಲ್ಲವೆ?

ಇಲ್ಲಿ ನನಗೆ ಪಾಠದ ಪುಸ್ತಕ ಸಹಾಯಕ್ಕೆ ಬಂತು. 1932ರ ಪಾಲುದಾರಿಕೆ ಕಾಯ್ದೆಯ 30ನೆಯ ಕಲಮು ಎಲ್ಲರೂ ಓದಿದ್ದೇವೆ. ಅಪ್ರಾಪ್ತ ವಯಸ್ಕ ಪಾಲುದಾರನಾಗಲಾರ. ಆದರೆ ಪಾಲುದಾರರೆಲ್ಲ ಒಪ್ಪಿದರೆ ಲಾಭದಲ್ಲಿ ಅವನನ್ನು ಸೇರಿಸಿಕೊಳ್ಳಬಹುದು. ವಯಸ್ಸಿಗೆ ಬಂದ ಮೇಲೆ, ಅಥವಾ ತಾನು ಸೇರಿದ್ದೇನೆಂದು ತಿಳಿದ ಮೇಲೆ, ಯಾವುದು ತಡವೋ ಅಲ್ಲಿಂದ ಆರು ತಿಂಗಳೊಳಗೆ ಪಾಲುದಾರನಾಗುತ್ತೇನೋ ಇಲ್ಲವೋ ಎಂದು ಅವನು ಬಹಿರಂಗ ಪ್ರಕಟಣೆ ಕೊಡಬಹುದು. ಜ್ಞಾನಸ್ನಾನವೂ ಹಾಗೆಯೇ ಅಲ್ವೆ? ಕೇಳುವ ಮೊದಲೇ ಸಿಕ್ಕಿದ ಲಾಭ ಅದು. ದೇವರು ಕೊಡುವುದು ನಮ್ಮ ಒಪ್ಪಿಗೆಗೆ ಕಾದಿಲ್ಲ ಎಂಬುದನ್ನು ಸಿರೋ ಮಲಬಾರಿನವರ ಕ್ರಮ ತೋರಿಸುತ್ತದೆ. ಸಿಕ್ಕಿದ್ದನ್ನು ತಿಳಿದು ಸ್ವೀಕರಿಸಬೇಕು ಎಂಬುದನ್ನು ಲ್ಯಾಟಿನ್ ಕ್ರಮ ತೋರಿಸುತ್ತದೆ.

ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಕಾಯ್ದೆಯಲ್ಲಿ ಆರು ತಿಂಗಳು ಸುಮ್ಮನಿದ್ದರೆ ತಾನಾಗಿಯೇ ಪಾಲುದಾರ, ಸಾಲಕ್ಕೂ ಹೊಣೆ. ಬಿಷಪರ ಎದುರು ಮೌನ ಸಾಲದು. ಬಾಯಿ ಬಿಟ್ಟು ಹೇಳಲೇಬೇಕು.

ತೊಡಕು ಇರುವುದು ಇಲ್ಲೇ. ತರಗತಿಯವರೆಲ್ಲ ಸಾಲಾಗಿ ನಿಂತಾಗ, ಹೊಸ ಬಟ್ಟೆ ಹೊಲಿಸಿ ಆದ ಮೇಲೆ, ಊರಿಂದ ನೆಂಟರು ಬಂದಿರುವಾಗ, ಒಬ್ಬ ಹುಡುಗಿ "ನನಗೆ ಇನ್ನೊಂದು ವರ್ಷ ಬೇಕು" ಎನ್ನಲು ಸಾಧ್ಯವೆ? 'ಇಲ್ಲ' ಎನ್ನಲು ಜಾಗವಿಲ್ಲದ ಕಡೆ 'ಹೌದು' ಎಂಬುದಕ್ಕೆ ಎಷ್ಟು ತೂಕ?

ಭಾಷೆಯ ಪ್ರಶ್ನೆಯೂ ಇದೆ. ನಮ್ಮ ಮನೆಮಾತು ಕೊಂಕಣಿ, ಬರೆಯುವುದು ಕನ್ನಡ ಲಿಪಿ. 1938ರಲ್ಲಿ ಮಂಗಳೂರಲ್ಲಿ ಹುಟ್ಟಿದ 'ರಾಕ್ಣೊ' ಪತ್ರಿಕೆಯದೂ ಅದೇ ಲಿಪಿ. ನಾನು ಓದಿದ್ದು ಕನ್ನಡ ಶಾಲೆ. ನನ್ನ ತಂಗಿ ಈಗ ಡೊಂಬಿವಲಿಯಲ್ಲಿ ಇಂಗ್ಲಿಷಿನಲ್ಲಿ ದೃಢೀಕರಣದ ಪಾಠ ಕಲಿಯುತ್ತಿದ್ದಾಳೆ. ಉತ್ತರಗಳೆಲ್ಲ ಬಾಯಿಪಾಠ. "ಸೈತಾನನನ್ನು ತ್ಯಜಿಸ್ತೀಯಾ ಅಂದ್ರೆ ಏನು?" ಎಂದು ಮನೆಮಾತಿನಲ್ಲಿ ಕೇಳಿದೆ. ತುಸು ಹೊತ್ತು ಯೋಚಿಸಿ, "ಪರೀಕ್ಷೇಲಿ ಕಾಪಿ ಹೊಡೆಯಬಾರ್ದು, ಅಷ್ಟೇ ತಾನೆ?" ಅಂದಳು. ಪುಸ್ತಕದ ಉತ್ತರಕ್ಕಿಂತ ಅದು ಗಟ್ಟಿಯಾಗಿತ್ತು, ಯಾಕೆಂದರೆ ಅದು ಅವಳದು.

ನಕಲಿಗೆ ಮೊಹರು ಹಾಕುವವರು ಅಸಲು ಎದುರಿಗಿದೆಯೇ ಎಂದು ನೋಡುತ್ತಾರೆ. ದೃಢೀಕರಣದಲ್ಲಿ ಅಸಲು ಎಂದರೆ ಆ ಹುಡುಗಿಯ ಸ್ವಂತ ಮಾತು. ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ನಮ್ಮ ಹಿರಿಯರಲ್ಲಿದೆಯೆ? ವಾಚಕ ಮಿತ್ರರು, ಯಾವ ಮತದವರೇ ಇರಲಿ, ತಂತಮ್ಮ ಮನೆಯಲ್ಲೂ ಈ ಪ್ರಶ್ನೆ ಕೇಳಿ ನೋಡಲಿ.