ಮಗುವಿನ ಕಿವಿನೋವು ಮೂಗಿನ ಹಿಂದಿನಿಂದ ಬರುತ್ತದೆ

ಮಗುವಿಗೆ ನಾಲ್ಕು ದಿನ ನೆಗಡಿ. ಐದನೆಯ ರಾತ್ರಿ ಕಿವಿ ಹಿಡಿದುಕೊಂಡು ಅಳು. ಇಳಕಲ್, ಹುನಗುಂದ, ಬಾದಾಮಿ ಕಡೆಯ ಎಷ್ಟೋ ಮನೆಗಳಲ್ಲಿ ಆಗ ಮೊದಲು ನೆನಪಾಗುವುದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಆದರೆ ನೋವಿನ ಮೂಲ ಎಣ್ಣೆಗೆ ಸಿಗುವ ಜಾಗದಲ್ಲಿಲ್ಲ.

ಬಾಯಿ ತೆರೆದರೆ ಕಿರುನಾಲಗೆ ಕಾಣುತ್ತದೆ. ಅದರ ಹಿಂದೆ, ಮೇಲಕ್ಕೆ, ಮೂಗಿನ ಎರಡೂ ದಾರಿಗಳು ಕೂಡುವಲ್ಲಿ ಒಂದು ಪುಟ್ಟ ಕೋಣೆಯಿದೆ. ಅದೇ ಗಂಟಲಿನ ಮೇಲ್ಭಾಗ. ಅದರ ಎಡ ಬಲ ಗೋಡೆಗಳಲ್ಲಿ ಒಂದೊಂದು ರಂಧ್ರವಿದೆ. ಅಲ್ಲಿಂದ ಹೊರಟ ಕೊಳವೆ ಕಿವಿತಮಟೆಯ ಒಳಗಡೆ, ನಡುಗಿವಿಗೆ ತಲುಪುತ್ತದೆ. 16ನೇ ಶತಮಾನದ ಇಟಲಿಯ ವೈದ್ಯ ಯೂಸ್ಟಾಕಿಯ ಹೆಸರಿನಿಂದ ಇದನ್ನು ಯೂಸ್ಟೇಶಿಯನ್ ನಾಳ ಎನ್ನುತ್ತಾರೆ. ದೊಡ್ಡವರಲ್ಲಿ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. ರಂಧ್ರದ ಹಿಂದೆ ಮೃದ್ವಸ್ಥಿಯ ಉಬ್ಬು, ಉಬ್ಬಿನ ಹಿಂದೆ ಆಳವಾದ ಒಂದು ಕುಳಿ. ಕೋಣೆಯ ಮೇಲ್ಗೋಡೆಯಲ್ಲಿ ಅಡಿನಾಯ್ಡ್ ಎಂಬ ಮೆತ್ತನೆಯ ಗಂಟಿದೆ. ಅದು ಮಕ್ಕಳಲ್ಲಿ ದೊಡ್ಡದಿದ್ದು, ಬೆಳೆದಂತೆ ಕುಗ್ಗುತ್ತದೆ.

ಈ ನಾಳ ಸಾಮಾನ್ಯವಾಗಿ ಮುಚ್ಚಿರುತ್ತದೆ. ನುಂಗಿದಾಗ, ಆಕಳಿಸಿದಾಗ ತೆರೆದು ನಡುಗಿವಿಗೆ ಗಾಳಿ ಕೊಡುತ್ತದೆ. ಉಮ್ರಾಕ್ಕೆ ಹೋಗುವವರಿಗೆ ವಿಮಾನ ಇಳಿಯುವಾಗ ಕಿವಿ ಮುಚ್ಚಿದಂತಾದರೆ ಉಗುಳು ನುಂಗಲು ಹೇಳುವುದು ಇದಕ್ಕೇ.

ಮಕ್ಕಳ ನಾಳ ಗಿಡ್ಡ, ಹೆಚ್ಚು ಅಡ್ಡವಾಗಿದೆ. ನೆಗಡಿಯ ಸೋಂಕು ಸುಲಭವಾಗಿ ಕಿವಿಗೆ ಹತ್ತುತ್ತದೆ. ಅಡಿನಾಯ್ಡ್ ಊದಿ ರಂಧ್ರಕ್ಕೆ ಅಡ್ಡವಾದರೆ ನಡುಗಿವಿಯಲ್ಲಿ ನೀರು ನಿಲ್ಲುತ್ತದೆ. ಆಗ ನೋವೇ ಇಲ್ಲದೆ ಕೇಳುವ ಶಕ್ತಿ ಕುಗ್ಗಬಹುದು. ಮಗ್ಗದ ಸದ್ದಿನ ಮನೆಯಲ್ಲಿ ಎಲ್ಲರೂ ಜೋರಾಗಿಯೇ ಮಾತಾಡುವುದರಿಂದ ಇದು ಗೊತ್ತೇ ಆಗುವುದಿಲ್ಲ. ಶಾಲೆಯಲ್ಲಿ "ಗಮನವಿಲ್ಲದ ಹುಡುಗ" ಎಂಬ ಹೆಸರು ಬರುತ್ತದೆ. ಮಗು ಬಾಯಿಯಿಂದ ಉಸಿರಾಡಿದರೆ, ಗೊರಕೆ ಹೊಡೆದರೆ, "ಏನಂದ್ರಿ?" ಎಂದು ಮತ್ತೆ ಮತ್ತೆ ಕೇಳಿದರೆ, ಬೈಯುವ ಮುನ್ನ ಕಿವಿ ಪರೀಕ್ಷಿಸಿಸಿ.

ಮನೆಯಲ್ಲಿ ಮಾಡಬೇಕಾದದ್ದು:

• ಎದೆಹಾಲು ಕೊಡಿ. ಬಾಟಲಿ ಹಾಲಾದರೆ ತಲೆ ಎತ್ತಿ ಹಿಡಿದು ಕುಡಿಸಿ, ಮಲಗಿಸಿ ಬೇಡ.

• ಬೀಡಿ ಮತ್ತು ಒಲೆಯ ಹೊಗೆಯಿಂದ ಮಗುವನ್ನು ದೂರವಿಡಿ.

• ನೆಗಡಿಯಿದ್ದಾಗ ಎರಡೂ ಹೊಳ್ಳೆ ಹಿಡಿದು ಜೋರಾಗಿ ಸೀನಿಸಬೇಡಿ. ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸಿಂಬಳ ತೆಗೆಸಿ. ವುಝೂ ಮಾಡುವಾಗಲೂ ಮೂಗಿಗೆ ನೀರನ್ನು ಮೆಲ್ಲಗೆ ಎಳೆದುಕೊಳ್ಳಲು ಕಲಿಸಿ.

• ಕಿವಿಗೆ ಎಣ್ಣೆ ಹಾಕಬೇಡಿ. ತಮಟೆ ಗಟ್ಟಿಯಿದ್ದರೆ ಅದು ಒಳಗೆ ಹೋಗದು, ತೂತಾಗಿದ್ದರೆ ಒಳಗೆ ಹೋಗಿ ಕೇಡು ಮಾಡುತ್ತದೆ.

• ಯುನಾನಿಯಲ್ಲಿ ನಜ್ಲಾಕ್ಕೆ ಹಬೆ ತೆಗೆದುಕೊಳ್ಳುವುದನ್ನು ಇನ್ಕಿಬಾಬ್ ಎನ್ನುತ್ತೇವೆ. ಅದು ದೊಡ್ಡವರಿಗೆ. ಬಿಸಿನೀರಿನ ಪಾತ್ರೆಯ ಬಳಿ ಮಕ್ಕಳನ್ನು ಕೂಡಿಸಬೇಡಿ, ಸುಟ್ಟೀತು.

ಕಿವಿ ಸೋರಿದರೆ, ಜ್ವರ ಮತ್ತು ನೋವು ಎರಡು ದಿನದಲ್ಲಿ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಿ. ಆರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಯಾವುದೇ ಮಗುವಿನ ಕಿವಿಯ ಹಿಂದೆ ಬಾವು ಬಂದರೆ ಅದೇ ದಿನ ಹೋಗಿ.

ದೊಡ್ಡವರೂ ಒಂದು ಮಾತು ನೆನಪಿಡಿ. ನೆಗಡಿಯಿಲ್ಲದೆ ಒಂದೇ ಕಿವಿ ವಾರಗಟ್ಟಲೆ ಮುಚ್ಚಿಕೊಂಡಿದ್ದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ, ಸಿಂಬಳದಲ್ಲಿ ರಕ್ತ ಬಂದರೆ ತಡಮಾಡಬೇಡಿ. ಮೇಲೆ ಹೇಳಿದ ಕುಳಿಯಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಅಡಗಿರುತ್ತದೆ. ಅದನ್ನು ದುರ್ಬೀನಿನಿಂದಲೇ ನೋಡಬೇಕು, ನಮ್ಮ ಕಷಾಯದಿಂದ ಹೋಗುವುದಲ್ಲ. ಬಾಗಲಕೋಟೆಗೆ ಹೋಗಿ ಕಿವಿ ಮೂಗು ಗಂಟಲು ತಜ್ಞರನ್ನು ಕಾಣಿರಿ.

ಅಂಗನವಾಡಿ ಮತ್ತು ಸರ್ಕಾರಿ ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ, ಮಗುವಿನ ಕಿವಿಯ ವಿಷಯವನ್ನು ನೀವೇ ಬಾಯಿಬಿಟ್ಟು ಹೇಳಿ. ತಪಾಸಣೆ ಉಚಿತ.