ರೆಪೊ ದರದ ಬೆನ್ನು ಹತ್ತಿ ಇಂಗ್ಲಿಷ್ ಕಲಿಯಿರಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಕನ್ನಡ ಮಾಧ್ಯಮದವರ ನೋಟ್‌ಬುಕ್ಕಿನಲ್ಲಿ ಪದಪಟ್ಟಿಯೊಂದು ಇದ್ದೇ ಇರುತ್ತದೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಅರ್ಥ. ಪಟ್ಟಿ ಉದ್ದವಾಗುತ್ತಾ ಹೋದರೂ ಇಂಗ್ಲಿಷ್ ಸಂಪಾದಕೀಯ ಹಿಡಿದು ಕೂತರೆ ಎರಡನೇ ಪ್ಯಾರಾಕ್ಕೇ ಸುಸ್ತು. ಹತ್ತು ಸುದ್ದಿಗಳಿಂದ ಹತ್ತು ಪದ ಹೆಕ್ಕುವ ಬದಲು ಒಂದೇ ಸುದ್ದಿಯನ್ನು ಹಿಡಿದು ಕೊನೆಯವರೆಗೂ ಬೆನ್ನು ಹತ್ತಿ ನೋಡಿ.

ಮೊದಲ ಸುದ್ದಿಯಾಗಿ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿಯನ್ನೇ ಆರಿಸಿಕೊಳ್ಳಿ. ಅದನ್ನು ನಿರ್ಧರಿಸುವ ಆರು ಸದಸ್ಯರ ಸಮಿತಿ ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಸೇರುತ್ತದೆ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಶಬ್ದಗಳು ಮರಳಿ ಬರುತ್ತವೆ.

ನಿರ್ಧಾರ ಹೊರಬಿದ್ದ ಮರುದಿನ ಮೊದಲು ಕನ್ನಡ ಪತ್ರಿಕೆ ಓದಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿದರ, ಇಳಿಯಿತೇ, ಯಾಕೆ, ಗೃಹಸಾಲದ ಕಂತಿಗೆ ಏನಾಗುತ್ತದೆ ಎಂಬುದು ತಲೆಗೆ ಹೋದ ಮೇಲೆ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿದರೆ ಅರ್ಧ ಪದಗಳಿಗೆ ನಿಘಂಟು ಬೇಕಾಗುವುದಿಲ್ಲ.

ಬರೆದುಕೊಳ್ಳುವಾಗ ಪದವನ್ನು ಒಂಟಿಯಾಗಿ ಬರೆಯಬೇಡಿ, ಅದರ ಕ್ರಿಯಾಪದವನ್ನೂ ಸೇರಿಸಿ. ‘ರೆಪೊ ರೇಟ್’ ಎಂದಷ್ಟೇ ಬರೆದರೆ ಸಾಲದು. ‘ಕಟ್ ದ ರೆಪೊ ರೇಟ್’, ‘ಕೀಪ್ ಇಟ್ ಅನ್‌ಚೇಂಜ್ಡ್’ ಎಂದು ಇಡಿಯಾಗಿ ಬರೆಯಿರಿ. ಸಂದರ್ಶನದಲ್ಲಿ ನಾಲಿಗೆ ತಡವರಿಸುವುದು ನಾಮಪದಕ್ಕಲ್ಲ, ಕ್ರಿಯಾಪದಕ್ಕೆ.

ಎಡವುವ ಜಾಗ ಎರಡಿವೆ. 2025ರ ಫೆಬ್ರುವರಿಯಲ್ಲಿ ರೆಪೊ ದರ ಶೇ 6.50ರಿಂದ 6.25ಕ್ಕೆ ಇಳಿಯಿತು. ಇದನ್ನು ‘ಪಾಯಿಂಟ್ ಟೂ ಫೈವ್ ಪರ್ಸೆಂಟ್ ಇಳಿಕೆ’ ಎಂದರೆ ತಪ್ಪು. ‘25 ಬೇಸಿಸ್ ಪಾಯಿಂಟ್’ ಎನ್ನಬೇಕು, ಅಂದರೆ ಪರ್ಸೆಂಟೇಜ್ ಪಾಯಿಂಟಿನ ಕಾಲು ಭಾಗ. ಇನ್ನೊಂದು, ‘ಇನ್‌ಫ್ಲೇಷನ್ ಈಸಸ್’ ಎಂಬ ಶೀರ್ಷಿಕೆ. ಹಣದುಬ್ಬರ ಶೇ 6ರಿಂದ 4ಕ್ಕೆ ಬಂದರೆ ತೊಗರಿಬೇಳೆ ಅಗ್ಗವಾಯಿತೆಂದು ಅರ್ಥವಲ್ಲ. ಒಟ್ಟಾರೆ ಬೆಲೆಗಳು ಏರುತ್ತಲೇ ಇವೆ, ವೇಗ ಮಾತ್ರ ತಗ್ಗಿದೆ. ಪದದ ಅರ್ಥ ಗೊತ್ತಿದ್ದವರೂ ಇಲ್ಲಿ ಜಾರುತ್ತಾರೆ. ಅಂದಹಾಗೆ, ಸರ್ಕಾರ ರಿಸರ್ವ್ ಬ್ಯಾಂಕಿಗೆ ಕೊಟ್ಟಿರುವ ಗುರಿ ಶೇ 4. ಎರಡೂ ಕಡೆ 2 ಪರ್ಸೆಂಟೇಜ್ ಪಾಯಿಂಟಿನಷ್ಟು ಸಡಿಲಿಕೆ ಇದೆ. ಅದಕ್ಕೆ ‘ಟಾಲರೆನ್ಸ್ ಬ್ಯಾಂಡ್’ ಎನ್ನುತ್ತಾರೆ.

ಪುನರಾವರ್ತನೆಗೆ ಬೇರೆ ವೇಳಾಪಟ್ಟಿ ಬೇಡ. ಸಭೆಯಾದ 14ನೇ ದಿನ ಅದರ ನಡಾವಳಿ ಪ್ರಕಟವಾಗಬೇಕೆಂದು ರಿಸರ್ವ್ ಬ್ಯಾಂಕ್ ಕಾಯ್ದೆಯೇ ಹೇಳುತ್ತದೆ. ಯಾವ ಸದಸ್ಯರು ಯಾವ ಕಡೆ ಮತ ಹಾಕಿದರು, ಯಾಕೆ ಎಂಬುದೆಲ್ಲ ಅದರಲ್ಲಿರುತ್ತದೆ. ಒಬ್ಬ ಸದಸ್ಯರ ಹೇಳಿಕೆಯನ್ನಷ್ಟೇ ಓದಿ. ಎರಡು ವಾರದ ಹಿಂದಿನ ಪದಗಳು ಹೊಸ ವಾಕ್ಯಗಳಲ್ಲಿ ಸಿಗುತ್ತವೆ.

ರಾಜಕೀಯದ ಪದಗಳಿಗೆ ಮುಗಿದುಹೋದ ಸುದ್ದಿಯೇ ವಾಸಿ. ಆದಿ, ಅಂತ್ಯ ಎರಡೂ ಸಿಗುತ್ತವೆ. ನಮ್ಮಲ್ಲೇ 2019ರ ಜುಲೈ ಇದೆಯಲ್ಲ! ಶಾಸಕರು ರಾಜೀನಾಮೆ ಕೊಟ್ಟರು, ಆಗ ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿ ವಿಶ್ವಾಸಮತ ಯಾಚಿಸಿದರು, ಜುಲೈ 23ರಂದು 99–105ರಲ್ಲಿ ಸೋತರು. ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತಾದರೂ ಉಪಚುನಾವಣೆಗೆ ನಿಲ್ಲಲು ಬಿಟ್ಟಿತು. ಆ ದಿನಗಳ ಇಂಗ್ಲಿಷ್ ವರದಿಗಳನ್ನು ಹುಡುಕಿ ಕ್ರಮವಾಗಿ ಓದಿದರೆ ‘ಟೆಂಡರ್ ರೆಸಿಗ್ನೇಷನ್’, ‘ಇಷ್ಯೂ ಎ ವಿಪ್’, ‘ಮೂವ್ ಎ ಮೋಷನ್’, ‘ಫ್ಲೋರ್ ಟೆಸ್ಟ್’, ‘ಡಿಸ್‌ಕ್ವಾಲಿಫೈ’ ಎಲ್ಲವೂ ಕಥೆಯ ಜೊತೆಗೇ ಬರುತ್ತವೆ. ಫ್ಲೋರ್ ಟೆಸ್ಟ್ ಎಂದ ಕಡೆ ‘ಬೊಮ್ಮಾಯಿ ಜಡ್ಜ್‌ಮೆಂಟ್’ ಎಂಬ ಉಲ್ಲೇಖವೂ ಎದುರಾಗಬಹುದು, ಅದು ಎಸ್.ಆರ್. ಬೊಮ್ಮಾಯಿ ಪ್ರಕರಣದ 1994ರ ತೀರ್ಪು. ಬಹುಮತ ಸಾಬೀತಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದ ತೀರ್ಪು.

ಟೀವಿ ಚರ್ಚೆಗಳನ್ನು ಸದ್ಯಕ್ಕೆ ಬಿಡಿ. ಅಲ್ಲಿ ಯಾರೂ ವಾಕ್ಯ ಮುಗಿಸುವುದಿಲ್ಲ. ಅದರ ಬದಲು, ಓದಿದ ಸುದ್ದಿಯನ್ನು ಎರಡು ನಿಮಿಷ ಇಂಗ್ಲಿಷಿನಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪದ ಸಿಗದ ಕಡೆ ಕನ್ನಡದಲ್ಲೇ ಹೇಳಿ ಮುಂದುವರಿಯಿರಿ. ಮರಳಿ ಕೇಳುವಾಗ ಎಲ್ಲೆಲ್ಲಿ ಕನ್ನಡ ನುಗ್ಗಿದೆಯೋ ಅದನ್ನು ಗುರುತು ಹಾಕಿಕೊಳ್ಳಿ. ಮರುದಿನದ ಓದಿನಲ್ಲಿ ಹುಡುಕಬೇಕಾದ ಪದಗಳು ಅವೇ.